ಹಾಲಿನ ಲೆಕ್ಕದ ಪುಸ್ತಕದಲ್ಲಿ ಅಮ್ಮನ ಬಿಪಿ

ಅಮ್ಮನಿಗೆ ಶುಗರ್ ಬಂದು 14 ವರ್ಷ. ಬೆಳಿಗ್ಗೆ ಕಾಫಿಗೆ ಮುಂಚೆ ಐದು ನಿಮಿಷ ಸುಮ್ನೆ ಕೂರಿಸಿ, ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತೇನೆ. ಹಾಲಿನ ಲೆಕ್ಕದ ಹಳೇ ಪುಸ್ತಕದಲ್ಲೇ ಬರೆದಿಡುತ್ತೇನೆ. ಈ ವಾರ ಮೇಲಿನ ಅಂಕಿ 128, 156, 118, 150. ಸರಾಸರಿ 138. ಪರವಾಗಿಲ್ಲ ಅನ್ನಿಸುತ್ತೆ, ಅಲ್ವಾ? ನನಗೆ ಭಯ ಆ ಏರಿಳಿತದ್ದೇ. ಅಮೆರಿಕ, ಕೆನಡಾದಲ್ಲಿ ಶುಗರ್ ಇದ್ದವರ ಮೇಲೆ ನಡೆದ ಅಕಾರ್ಡ್ ಅಧ್ಯಯನದ ಮಾಹಿತಿಯಲ್ಲಿ, ತಪಾಸಣೆಯಿಂದ ತಪಾಸಣೆಗೆ ಬಿಪಿ ಜಾಸ್ತಿ ಏರಿಳಿದವರಿಗೆ ಹಾರ್ಟ್ ಫೇಲ್ಯೂರ್ ಅಪಾಯವೂ ಹೆಚ್ಚು ಕಂಡಿತ್ತು.

ನಿನ್ನೆ ಮಾತ್ರೆ ಶೀಟ್ ತಿರುಗಿಸಿ ನೋಡಿದೆ. ಎರಡು ಹಾಗೇ ಉಳಿದಿದ್ದವು. "ತಲೆ ತಿರುಗಿದಂಗಾಯ್ತು ಕಣೋ, ಅದಕ್ಕೇ ಬಿಟ್ಟೆ" ಅಂದಳು ಅಮ್ಮ. ಬೈಯಲು ಮನಸ್ಸಾಗಲಿಲ್ಲ. ಅದನ್ನೂ ಬರೆದುಕೊಂಡೆ. ನಾಳೆ ಪುಸ್ತಕ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗುತ್ತೇವೆ.