ಟೇಬಲ್ ಸಾ: ಹಲಗೆ ಹಿಂದಕ್ಕೆ ಚಿಮ್ಮುವುದೇಕೆ?

ಬೆಳಗಾವಿಯ ಮಳೆಗಾಲದಲ್ಲಿ ತೇವ ಹಿಡಿದ ಸಾಗವಾನಿ ಹಲಗೆಯನ್ನು ಟೇಬಲ್ ಸಾದಲ್ಲಿ (ಮೇಜಿನ ನಡುವೆ ದುಂಡು ಬ್ಲೇಡ್ ತಿರುಗುವ ಗರಗಸ) ಉದ್ದಕ್ಕೆ ಸೀಳುವಾಗ, ಕೊಯ್ದ ಸಂದು ಮತ್ತೆ ಮುಚ್ಚಿಕೊಂಡು ಬ್ಲೇಡನ್ನು ಅವುಚಿ ಹಿಡಿಯಬಹುದು. ಬ್ಲೇಡಿನ ಹಿಂಬದಿಯ ಹಲ್ಲುಗಳು ಮೇಲಕ್ಕೇಳುತ್ತಿರುತ್ತವೆ. ಅವು ಹಲಗೆಯನ್ನು ಎತ್ತಿ ನಿಮ್ಮ ಹೊಟ್ಟೆಯತ್ತಲೇ ಎಸೆಯುತ್ತವೆ. ಸಂದು ಮುಚ್ಚದಂತೆ ತಡೆಯುವುದು ಬ್ಲೇಡಿನ ಬೆನ್ನಿಗೇ ನಿಂತ ರೈವಿಂಗ್ ನೈಫ್ ಎಂಬ ಲೋಹದ ತಗಡು. ದಯವಿಟ್ಟು ಅದನ್ನು ಬಿಚ್ಚಿ ಮೂಲೆಗೆ ಇಡಬೇಡಿ. ಅದರ ದಪ್ಪ ಬ್ಲೇಡಿನ ತಗಡಿಗಿಂತ ಹೆಚ್ಚು, ಹಲ್ಲಿನ ಅಗಲಕ್ಕಿಂತ ತುಸು ಕಡಿಮೆ ಇರಬೇಕು.

ಫೆನ್ಸ್, ಅಂದರೆ ಹಲಗೆಯನ್ನು ಒರಗಿಸಿ ತಳ್ಳುವ ಪಕ್ಕದ ಪಟ್ಟಿ, ಬ್ಲೇಡಿಗೆ ನೇರವಿದೆಯೇ? ಪ್ಲಗ್ ಕಿತ್ತು, ಒಂದು ಹಲ್ಲಿಗೆ ಗುರುತು ಹಾಕಿ, ಅದನ್ನೇ ಮುಂದೆ ಒಮ್ಮೆ, ಹಿಂದೆ ಒಮ್ಮೆ ತಂದು ಫೆನ್ಸ್‌ವರೆಗಿನ ಅಂತರ ಅಳೆಯಿರಿ. ಹಿಂದೆ ಕಿರಿದಾಗಿದ್ದರೆ ಹಲಗೆ ಸಿಕ್ಕಿಕೊಳ್ಳುವುದು ಅಲ್ಲೇ.

ಹಲ್ಲು ಹಲಗೆಯ ಮೇಲೆ 3ರಿಂದ 6 ಮಿ.ಮೀ. ಕಂಡರೆ ಸಾಕು. 15 ಸೆಂ.ಮೀ.ಗಿಂತ ಕಿರಿದಾದ ಪಟ್ಟಿಯನ್ನು ಪುಶ್ ಸ್ಟಿಕ್‌ನಿಂದ ತಳ್ಳಿ. ಕೈಗವಸು ಬೇಡವೇ ಬೇಡ, ಹಲ್ಲಿಗೆ ಸಿಕ್ಕರೆ ಕೈಯನ್ನೇ ಎಳೆದೊಯ್ಯುತ್ತದೆ.