26 ಕೆ.ಜಿ. ಚೀಲದ ಲೆಕ್ಕ

ಗಂಗಾವತಿಯ ಕಿರಾಣಿ ಅಂಗಡಿಯೊಂದರಲ್ಲಿ ಮೊನ್ನೆ ಕೇಳಿದ ಮಾತೊಂದು ಈ ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ. ಬೀಗರು ಬರುವವರಿದ್ದಾರೆಂದು ರೇಷನ್ ಅಕ್ಕಿ ಬಿಟ್ಟು ಸೋನಾ ಮಸೂರಿ ಕೊಳ್ಳಲು ಬಂದಿದ್ದ ಕೂಲಿ ಹೆಂಗಸೊಬ್ಬರು, 5 ಕೆ.ಜಿ. ಚೀಲಕ್ಕೆ ಕಿಲೋ ಲೆಕ್ಕದಲ್ಲಿ ದರ ಹೆಚ್ಚೇಕೆಂದು ಕೇಳಿದರು. ಬಿಡಿ ಅಕ್ಕಿ ಮಾರುವುದನ್ನು ಎಂದೋ ನಿಲ್ಲಿಸಿರುವ ಅಂಗಡಿಯವರು, “ಸಣ್ಣ ಚೀಲಕ್ಕ ಟ್ಯಾಕ್ಸ್ ಐತವ್ವಾ, 26 ಕಿಲೋದ್ದಕ್ಕ ಇಲ್ಲ” ಎಂದರು. “ಅಂದ್ರ ದೊಡ್ಡ ಚೀಲ ಒಯ್ಯೋರಿಗೆ ಇಲ್ಲ, ನನಗ ಐತೇನ್ರಿ?”

ಅಂಗಡಿಯವರು ಸುಳ್ಳು ಹೇಳಲಿಲ್ಲ. ಮೊದಲು ನೋಂದಾಯಿತ ಬ್ರ್ಯಾಂಡಿನ ಅಕ್ಕಿಗೆ ಮಾತ್ರ 5% ಜಿಎಸ್‌ಟಿ ಇತ್ತು. ಬ್ರ್ಯಾಂಡಿನ ಹಕ್ಕು ಬಿಟ್ಟುಕೊಟ್ಟು ಅದನ್ನು ತಪ್ಪಿಸಿಕೊಳ್ಳುವವರು ಹೆಚ್ಚಿದಾಗ, 2022ರ ಜುಲೈ 18ರಿಂದ ಲೇಬಲ್ ಹಚ್ಚಿ ಪ್ಯಾಕ್ ಮಾಡಿದ 25 ಕೆ.ಜಿ.ವರೆಗಿನ ಅಕ್ಕಿಗೆಲ್ಲ ತೆರಿಗೆ ಬಂತು. ಮಿಲ್ಲಿನವರು ಒಂದು ಕಿಲೋ ಹೆಚ್ಚು ತುಂಬಿ 26ರ ಚೀಲ ಹೊಲಿದರು. ಅದು ಕಾನೂನುಬದ್ಧವೇ, ಜಾಣತನವೂ ಹೌದು. ಆದರೆ ಒಂದೇ ಸಲಕ್ಕೆ 26 ಕಿಲೋ ಕೊಳ್ಳುವ ಹಣ ಕೈಯಲ್ಲಿದ್ದವರಿಗಷ್ಟೇ ಆ ಜಾಣತನದ ಲಾಭ ದಕ್ಕುತ್ತದೆ. ತೆರಿಗೆ ಬಿಟ್ಟು ಕಿಲೋಗೆ 60 ರೂಪಾಯಿ ಎಂದಿಟ್ಟುಕೊಂಡರೆ 5 ಕಿಲೋ ಮೇಲೆ 15 ರೂಪಾಯಿ ತೆರಿಗೆ; ಬೆಲೆಯೊಳಗೇ ಸೇರಿರುವುದರಿಂದ ಕೊಟ್ಟವರಿಗೇ ಅದು ಕಾಣುವುದಿಲ್ಲ. ಅಂದಹಾಗೆ, ಚಿನ್ನದ ಮೇಲಿನ ಜಿಎಸ್‌ಟಿ 3%.

ಪಕ್ಕದಲ್ಲಿ 26 ಕಿಲೋದ ಎರಡು ಚೀಲಗಳನ್ನು ಕಾರಿಗೆ ಹಾಕಿಸುತ್ತಿದ್ದ ನೌಕರದಾರರೊಬ್ಬರು, “ಟ್ಯಾಕ್ಸ್ ಕಟ್ಟೋರು ನಾವು, ಉಣ್ಣೋರು ಬ್ಯಾರೆಯವರು” ಎಂದು ಯಾರೂ ಕೇಳದಿದ್ದರೂ ಹೇಳಿದರು. ಅವರ ಸಿಟ್ಟಿಗೂ ಕಾರಣವಿದೆ; ಸಂಬಳ ಕೈಸೇರುವ ಮೊದಲೇ ಆದಾಯ ತೆರಿಗೆ ಕಡಿತವಾಗಿರುತ್ತದೆ. ಆದರೆ ಆ ಹೆಂಗಸಿನ ಎದುರಿಗೇ ನಿಂತು ಹಾಗೆನ್ನಲು ಒಂದು ಬಗೆಯ ಭಂಡತನ ಬೇಕು. ಆದಾಯ ತೆರಿಗೆ ಗಳಿಕೆ ಹೆಚ್ಚಿದಂತೆ ಹೆಚ್ಚುತ್ತದೆ, ಕಡಿಮೆ ಗಳಿಸುವವರನ್ನು ಮುಟ್ಟುವುದೇ ಇಲ್ಲ. ಅಕ್ಕಿಯ ಮೇಲಿನ ತೆರಿಗೆಗೆ ಕೊಳ್ಳುವವರ ಗಳಿಕೆಯ ಪರಿವೆಯಿಲ್ಲ. ಸಾಲದ್ದಕ್ಕೆ, 25 ಕಿಲೋದ ಗಡಿಯಿಂದಾಗಿ ಅದು ಉಲ್ಟಾ ತಿರುಗಿದೆ.

ಸಣ್ಣ ಚೀಲಕ್ಕೆ ವಿನಾಯಿತಿ ಕೊಟ್ಟರೆ ಮಿಲ್ಲಿನವರು ಎಲ್ಲವನ್ನೂ ಸಣ್ಣ ಚೀಲದಲ್ಲೇ ತುಂಬುತ್ತಾರೆಂದು ಅಧಿಕಾರಿಗಳು ಹೇಳಬಹುದು. ತುಂಬಲಿ. 26ರ ಚೀಲ ತೆರಿಗೆ ತಪ್ಪಿಸಿಕೊಂಡು ಹೋಗುತ್ತಿರುವುದನ್ನು ಇಷ್ಟು ವರ್ಷ ಸಹಿಸಿಕೊಂಡವರಿಗೆ 5ರ ಚೀಲವನ್ನೂ ಬಿಟ್ಟುಕೊಡುವುದು ಅಷ್ಟೊಂದು ಕಷ್ಟವೇ?