‘ಏನೂ ಆಗಲ್ಲ, ಸೈನ್ ಹಾಕಿ’ ಅಂದಿದ್ದೆ

ಯುದ್ಧ ಬೇಡ ಅಂತ ಹೇಳಿಕೊಂಡು ಊರೂರು ತಿರುಗೋದು ನನ್ನ ಕೆಲಸ. ಶಾಲೆ, ಕಾಲೇಜು, ಸ್ತ್ರೀಶಕ್ತಿ ಸಂಘ, ಎಲ್ಲಿ ಕರೆದರೆ ಅಲ್ಲಿ. ಏಳು ವರ್ಷವಾಯಿತು. 2025ರ ಆಗಸ್ಟ್ 6ರಂದು ಬೆಳಗಾವಿ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ನಾನು ಮಾಡಿದ ತಪ್ಪು ಇನ್ನೂ ಚುಚ್ಚುತ್ತಿದೆ. ಇದೇ ಕೆಲಸದಲ್ಲಿರುವ ಬೇರೆಯವರಿಗೆ ಬೇಕಾದೀತು ಅಂತ ಬರೆಯುತ್ತಿದ್ದೇನೆ.

ಅವತ್ತಿಗೆ ಹಿರೋಷಿಮಾ ಬಾಂಬಿಗೆ 80 ವರ್ಷ. ಆಫೀಸಿನಿಂದ ಬಂದ ಪ್ಲಾನ್ ಇಷ್ಟು: ಕಾಲೇಜಿಗೆ 500 ಸಹಿ. ಐದು ಮೀಟರ್ ಬಿಳಿ ಬಟ್ಟೆ, ಅದರ ಮೇಲೆ ದಪ್ಪಕ್ಷರದಲ್ಲಿ ‘ನಾನು ಎಂದಿಗೂ ಯುದ್ಧವನ್ನು ಬೆಂಬಲಿಸುವುದಿಲ್ಲ’. ಕೆಳಗೆ ಹುಡುಗರ ಹೆಸರು, ಕ್ಲಾಸು, ಊರು. ಕೊನೆಗೆ ಬಟ್ಟೆ ಹಿಡಿದು ಗ್ರೂಪ್ ಫೋಟೋ, ಅದು ಸಂಜೆಯೊಳಗೆ ಫೇಸ್‌ಬುಕ್‌ಗೆ ಹೋಗಬೇಕು. ಈ ಹೆಡ್‌ಕೌಂಟ್ ವಿಷಯಕ್ಕೆ ರಿವ್ಯೂ ಮೀಟಿಂಗ್‌ಗಳಲ್ಲಿ ನಾನು ಎಷ್ಟೋ ಸಲ ಜಗಳ ಆಡಿದ್ದೇನೆ. ಆದರೆ ಅವತ್ತು ಬಟ್ಟೆ ಪಕ್ಕ ನಿಂತು ಸಹಿ ಎಣಿಸುತ್ತಿದ್ದವಳು ನಾನೇ.

ಸೆಷನ್ ಚೆನ್ನಾಗಿಯೇ ಆಯಿತು. ಬೆಳಗ್ಗೆ 8.15ಕ್ಕೆ ಬಿದ್ದ ಒಂದೇ ಬಾಂಬು, 1945 ಮುಗಿಯುವಷ್ಟರಲ್ಲಿ ಸುಮಾರು 1,40,000 ಸಾವು. ಬದುಕುಳಿದವರ ಸಂಘಟನೆ ನಿಹೊನ್ ಹಿಡಾಂಕ್ಯೊಗೆ 2024ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು. ಹುಡುಗರು ಉಸಿರು ಬಿಗಿಹಿಡಿದು ಕೇಳಿದರು. ಆಮೇಲೆ ವರಾಂಡದಲ್ಲಿ ಎರಡು ಡೆಸ್ಕ್ ಜೋಡಿಸಿ ಬಟ್ಟೆ ಹಾಸಿದೆವು. ಸಾಲು ನಿಂತಿತು.

ಅರ್ಧ ಸಾಲು ಮುಗಿದಿತ್ತು. ಒಬ್ಬ ಹುಡುಗ ಹಸಿರು ಮಾರ್ಕರ್ ಹಿಡಿದು ಸುಮ್ಮನೆ ನಿಂತ. ತಲೆಗೂದಲು ಸಣ್ಣಗೆ ಕತ್ತರಿಸಿತ್ತು. ಕ್ಯಾನ್ವಾಸ್ ಶೂ ತುಂಬ ಕೆಮ್ಮಣ್ಣು. ಮಾರ್ಕರ್‌ನ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

“ಮೇಡಮ್ಮರ, ಇದರ ಮ್ಯಾಲೆ ಸೈನ್ ಮಾಡಿದ್ರ ವೆರಿಫಿಕೇಶನ್‌ದಾಗ ತ್ರಾಸ ಆಗತೇತೇನ್ರಿ?”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಎನ್‌ಎಸ್‌ಎಸ್ ಆಫೀಸರ್ ಹೇಳಿದರು: ಇವನು ಸೇನೆಯ ಅಗ್ನಿವೀರ್ ಭರ್ತಿಗೆ ತಯಾರಿ ಮಾಡುತ್ತಿದ್ದಾನೆ, ದಿನಾ ಬೆಳಗ್ಗೆ ಐದಕ್ಕೆ ಗ್ರೌಂಡಿನಲ್ಲಿ 1600 ಮೀಟರ್ ಓಡುತ್ತಾನೆ, ಇಂಥವರು ಈ ಕಾಲೇಜಿನಲ್ಲಿ ಮೂವತ್ತು ಜನರಿಗಿಂತ ಜಾಸ್ತಿ ಇದ್ದಾರೆ. ಅಷ್ಟು ಕೇಳಿದ ಮೇಲಾದರೂ ನಾನು ಸಾಲು ನಿಲ್ಲಿಸಬೇಕಿತ್ತು. ಅವನ ಭಯಕ್ಕೆ ಕಾರಣ ಇತ್ತು. 2022ರ ಜೂನ್‌ನಲ್ಲಿ ಅಗ್ನಿವೀರರನ್ನು ತಗೊಳ್ಳುವ ಅಗ್ನಿಪಥ ಯೋಜನೆಯ ವಿರುದ್ಧ ಗಲಾಟೆ ಆದಾಗ, ಸೇರಲು ಬರುವವರು ‘ನಾನು ಅದರಲ್ಲಿ ಇರಲಿಲ್ಲ’ ಅಂತ ಬರೆದುಕೊಡಬೇಕು, ಪೊಲೀಸ್ ವೆರಿಫಿಕೇಶನ್ ಇಲ್ಲದೆ ಯಾರನ್ನೂ ತಗೊಳ್ಳಲ್ಲ ಅಂತ ಸೇನೆಯೇ ಹೇಳಿತ್ತು. ಆಗ ಪ್ರೈಮರಿಯಲ್ಲೋ ಹೈಸ್ಕೂಲಿನಲ್ಲೋ ಇದ್ದ ಈ ಹುಡುಗರಿಗೆ ಆ ಮಾತು ಬಾಯಿಪಾಠ ಆಗಿದೆ. ನನಗೆ ನೆನಪಿರಲಿಲ್ಲ.

ಗಂಟೆ 3.40. ನಾಲ್ಕೂವರೆಗೆ ಇನ್ನೊಂದು ಕಾಲೇಜು ಇತ್ತು. ಡ್ರೈವರ್ ಗೇಟಿನ ಹತ್ತಿರ ಹಾರ್ನ್ ಹೊಡೆಯುತ್ತಿದ್ದ. “ಏನೂ ಆಗಲ್ಲ, ಸುಮ್ನೆ ಸೈನ್ ಹಾಕಿ. ನಾನು ಹೇಳ್ತಿದ್ದೀನಲ್ಲ” ಅಂದೆ.

ಅವನು ನನ್ನ ಮುಖ ನೋಡಿದ. ಮುಚ್ಚಳ ತೆಗೆದ. ಹೆಸರು, ಕ್ಲಾಸು, ಊರು ಬರೆದ. ದುಂಡಗಿನ ಅಕ್ಷರ, ಶಾಲೆಯಲ್ಲಿ ಕಲಿತದ್ದು ಹಾಗೇ ಉಳಿದಿತ್ತು. ಹಿಂದಿದ್ದ ಹುಡುಗರೂ ನನ್ನ ಮಾತು ಕೇಳಿಸಿಕೊಂಡಿದ್ದರು. ಅವರೂ ಬರೆದರು.

ರಾತ್ರಿ ಎಂಟೂವರೆಗೆ ಲಾಡ್ಜಿನ ರಿಸೆಪ್ಶನ್‌ನಿಂದ ಫೋನ್ ಬಂತು. ಕೆಳಗೆ ಬಂದರೆ ಅದೇ ಹುಡುಗ, ಜೊತೆಗೆ ಅವನ ಅಪ್ಪ. ಫೋಟೋ ಆಗಲೇ ಫೇಸ್‌ಬುಕ್‌ನಿಂದ ಇವರ ಟ್ಯೂಷನ್ ವಾಟ್ಸಾಪ್ ಗ್ರೂಪಿಗೆ ಬಂದಿತ್ತು. ಝೂಮ್ ಮಾಡಿದರೆ ಹಸಿರು ಅಕ್ಷರ ಸ್ಪಷ್ಟವಾಗಿ ಓದಲು ಬರುತ್ತಿತ್ತು. ಯಾರೋ ಅದರ ಸುತ್ತ ಕೆಂಪು ಗೆರೆ ಎಳೆದು ‘ದೇಶದ್ರೋಹಿ’ ಅಂತ ಬರೆದಿದ್ದರು. ಪಾಕಿಸ್ತಾನದ ಜೊತೆಗಿನ ಮೇ ತಿಂಗಳ ಕಾಳಗ ಮುಗಿದು ಮೂರು ತಿಂಗಳೂ ತುಂಬಿರಲಿಲ್ಲ. ಆ ಒಂದು ಪದ ಹಳ್ಳಿಯ ಹುಡುಗನಿಗೆ ಏನು ಮಾಡಬಹುದು ಅಂತ ಆಗ ನನಗೆ ಹೊಳೆಯಿತು. ಕೈ ನಡುಗಿತು.

ಜೀಪಿನಿಂದ ಬಟ್ಟೆ ತರಿಸಿ ರಿಸೆಪ್ಶನ್ ನೆಲದ ಮೇಲೆ ಬಿಚ್ಚಿದೆವು. ಹುಡುಗ ಸ್ಯಾನಿಟೈಸರ್ ಹಾಕಿ ಕರ್ಚೀಫಿನಿಂದ ಉಜ್ಜಿದ. ಹಸಿರು ಹರಡಿತೇ ಹೊರತು ಹೆಸರು ಹೋಗಲಿಲ್ಲ. ಮತ್ತೆ ಉಜ್ಜಿದ. ನಾನು ಆಫೀಸಿಗೆ ಫೋನ್ ಹಚ್ಚಿದೆ. ಫೇಸ್‌ಬುಕ್ ಲಾಗಿನ್ ಇದ್ದದ್ದು ಒಬ್ಬರೇ ಒಬ್ಬರ ಹತ್ತಿರ, ಅವರ ಫೋನ್ ಸ್ವಿಚ್ ಆಫ್. ಮೇಲಿನವರು “ಇಡೀ ಕ್ಯಾಂಪೇನ್‌ನಲ್ಲೇ ಬೆಸ್ಟ್ ಫೋಟೋ ಅದು, ಬೆಳಗ್ಗೆ ನೋಡೋಣ” ಅಂದರು. ನಾನು ಕಿರುಚಿದೆ. ಆದರೂ ಫೋಟೋ ಇಳಿದದ್ದು ಮರುದಿನ ಹನ್ನೊಂದಕ್ಕೆ.

ಅಪ್ಪ ಒಂದು ಸಲವೂ ದನಿ ಏರಿಸಲಿಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದವರು. ಮಗ ಉಜ್ಜುತ್ತಿರುವಾಗ ಕುರ್ಚಿಯಲ್ಲಿ ಕೂತು ಜಮ್ಮು-ಕಾಶ್ಮೀರದ ಪೂಂಚ್ ಕಡೆ ಪೋಸ್ಟಿನಲ್ಲಿದ್ದ ದಿನಗಳನ್ನು ಹೇಳಿದರು. 2003ರ ನವೆಂಬರ್ ತನಕ ಗಡಿ ರೇಖೆಯಲ್ಲಿ ಗುಂಡು ನಿಂತ ದಿನವೇ ಇರಲಿಲ್ಲವಂತೆ. ಆ ತಿಂಗಳು 26ಕ್ಕೆ ಕದನವಿರಾಮ ಆಯಿತು.

“ನಿಂತೇತಿ ಅಂದ್ರ ನಂಬಿಕಿ ಬರಲಿಲ್ರಿ. ಎರಡು ದಿವಸ ಕಿವಿ ಗುಂಯ್ ಅಂತಿತ್ತು. ನಾವು ಸೈನ್ ಮಾಡಿದ್ದಕ್ಕ ನಿಂದ್ರಲಿಲ್ಲ ಅದು. ಮ್ಯಾಲಿನವರು ಮಾತಾಡಿದ್ರು, ನಿಂತ್ತು. ಅದನ್ನ ಹೇಳ್ರಿ ಹುಡುಗ್ರಿಗೆ.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಸ್ಲೈಡ್‌ಗಳಲ್ಲಿ ಯುದ್ಧ ಎಷ್ಟು ಕೆಟ್ಟದ್ದು ಅಂತ ಇತ್ತು. ಅದು ನಿಲ್ಲೋದು ಹೇಗೆ ಅನ್ನೋದು ಒಂದರಲ್ಲೂ ಇರಲಿಲ್ಲ.

ಮರುದಿನ ಬೆಳಗ್ಗೆ ಮತ್ತೆ ಕಾಲೇಜಿಗೆ ಹೋದೆ. ಪ್ರತಿ ಕ್ಲಾಸಿಗೂ ಹೋಗಿ, ನಿನ್ನೆ ಏನೂ ಆಗಲ್ಲ ಅಂದದ್ದು ನನ್ನ ತಪ್ಪು, ಹೆಸರು ಬೇಡ ಅನ್ನುವವರು ಬನ್ನಿ ಅಂದೆ. 41 ಜನ ಬಂದರು. ಅದರಲ್ಲಿ ಸೇನೆಗೆ ಹೋಗದವರೂ ಇದ್ದರು, ಹುಡುಗಿಯರೂ ಇದ್ದರು. ಕಾಲೇಜು ಆಫೀಸಿನ ಕತ್ತರಿಗೆ ಬಟ್ಟೆ ಹರಿಯಲಿಲ್ಲ, ಬ್ಲೇಡ್ ತರಿಸಿದೆವು. ಒಂದೊಂದೇ ಹೆಸರು ಕೊಯ್ದು ಅವರವರ ಕೈಗೆ ಕೊಟ್ಟೆ. ಇಬ್ಬರು ಹತ್ತಿರ ಬಂದು ನೋಡಿ, “ಇರ್ಲಿ ಬಿಡ್ರಿ” ಅಂತ ಹೋದರು. ಅವರ ಹೆಸರನ್ನೂ ಆಮೇಲೆ ನಾನೇ ತೆಗೆದೆ. ಹದಿನೇಳು ವರ್ಷದ ಮಕ್ಕಳ ಹೆಸರು, ಊರು ನಮ್ಮ ಹತ್ತಿರ ಇರಬೇಕಾದ ಅಗತ್ಯವೇ ಇಲ್ಲ.

ಈಗ ನನ್ನ ಸೆಷನ್ ಶುರುವಾಗೋದು ಒಂದು ಫೋನಿನಿಂದ. ಭಾರತ, ಪಾಕಿಸ್ತಾನದ ಡಿಜಿಎಂಒಗಳ ನಡುವೆ, ಅಂದರೆ ಸೇನಾ ಕಾರ್ಯಾಚರಣೆ ನೋಡಿಕೊಳ್ಳುವ ಹಿರಿಯ ಅಧಿಕಾರಿಗಳ ನಡುವೆ, ನೇರ ಫೋನ್ ಸಂಪರ್ಕ, ಹಾಟ್‌ಲೈನ್ ಇದೆ. 2025ರ ಮೇ 10ರಂದು ಮಧ್ಯಾಹ್ನ 3.35ಕ್ಕೆ ಅಲ್ಲಿಯ ಡಿಜಿಎಂಒ ನಮ್ಮವರಿಗೆ ಫೋನ್ ಮಾಡಿದರು, ಸಂಜೆ 5ರಿಂದ ಗುಂಡು ನಿಲ್ಲಿಸುವ ಮಾತಾಯಿತು. 2003ರ ಕದನವಿರಾಮ ಮಧ್ಯೆ ಹದಗೆಟ್ಟಾಗ 2021ರ ಫೆಬ್ರವರಿಯಲ್ಲಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದವರೂ ಡಿಜಿಎಂಒಗಳೇ. ಆಮೇಲೆ ಪಟ್ಟಿಗಳ ಕಥೆ ಹೇಳುತ್ತೇನೆ. ಅಣು ಸ್ಥಾವರಗಳ ಮೇಲೆ ದಾಳಿ ಮಾಡಬಾರದು ಅಂತ 1988ರಲ್ಲಿ ಎರಡೂ ದೇಶ ಸಹಿ ಹಾಕಿದವು. 1992ರಿಂದ ಪ್ರತಿ ಜನವರಿ 1ಕ್ಕೆ ಆ ಸ್ಥಾವರಗಳ ಪಟ್ಟಿ ವಿನಿಮಯ ಮಾಡಿಕೊಳ್ಳುತ್ತವೆ. ಜೈಲಿನಲ್ಲಿರುವವರ ಪಟ್ಟಿ ಜನವರಿ 1ಕ್ಕೂ ಜುಲೈ 1ಕ್ಕೂ. ಮೇ ಕಾಳಗ ಆದ ವರ್ಷವೂ ಜುಲೈ 1ರ ಪಟ್ಟಿ ತಪ್ಪಲಿಲ್ಲ. ಪಾಕಿಸ್ತಾನ ಕೊಟ್ಟ ಆ ಪಟ್ಟಿಯಲ್ಲಿ 193 ಭಾರತೀಯ ಮೀನುಗಾರರ ಹೆಸರು ಇತ್ತು. ಮುರಿದದ್ದನ್ನೂ ಮುಚ್ಚಿಡಲ್ಲ. 1965, 1971, 1999, ಮೂರೂ ಯುದ್ಧ ದಾಟಿ ಬಂದ 1960ರ ಸಿಂಧೂ ಜಲ ಒಪ್ಪಂದವನ್ನು 2025ರ ಏಪ್ರಿಲ್‌ನಲ್ಲಿ ಭಾರತ ತಡೆಹಿಡಿಯಿತು. ಅದನ್ನೂ ಹೇಳುತ್ತೇನೆ.

ಹುಡುಗರು ಈಗ ವಾದ ಮಾಡುತ್ತಾರೆ. ‘ಮೊದಲು ಹೊಡೆದವರು ಅವರಲ್ವಾ?’ ಅಂತ ಕೇಳುತ್ತಾರೆ. ಕೇಳಲಿ, ಅದಕ್ಕೇ ಹೋಗೋದು. ಸೇನೆಗೆ ಹೋಗುವ ಹುಡುಗ ಶಾಂತಿಯ ಎದುರಾಳಿ ಅಂತ ಲೆಕ್ಕ ಹಾಕಿಕೊಂಡು ಇಷ್ಟು ವರ್ಷ ಕ್ಲಾಸಿಗೆ ಹೋಗುತ್ತಿದ್ದೆ. ಗುಂಡು ಹಾರಿದರೆ ಮೊದಲು ಎದೆ ಕೊಡಬೇಕಾದವನು ಅವನು. ಅವನಿಗಿಂತ ಹೆಚ್ಚು ಯಾರಿಗೆ ಬೇಕು ಆ ಫೋನು?

ಹೊಸ ರಿಪೋರ್ಟ್ ಫಾರ್ಮ್ಯಾಟ್‌ನಲ್ಲಿ ‘ಸಹಿಗಳ ಸಂಖ್ಯೆ’ ಅನ್ನೋ ಕಾಲಂ ಇನ್ನೂ ಹಾಗೇ ಇದೆ. ಎರಡು ಸಲ ಮೇಲ್ ಮಾಡಿದೆ, ಫಂಡರ್ ಕೇಳ್ತಾರೆ ಅನ್ನೋದೇ ಉತ್ತರ. ಈ ಸಲ ಅಲ್ಲಿ ಸೊನ್ನೆ ಬರೆದು, ಹುಡುಗರು ಕೇಳಿದ ಪ್ರಶ್ನೆಗಳನ್ನು ಹೆಸರಿಲ್ಲದೆ ಎರಡು ಪುಟ ಟೈಪ್ ಮಾಡಿ ಲಗತ್ತಿಸಿದ್ದೇನೆ. ಅದರಲ್ಲಿ ಒಂದಕ್ಕೆ ಉತ್ತರ ಹುಡುಕುತ್ತಿದ್ದೇನೆ: “ಫೋನ್ ರಿಂಗ್ ಆಗಾಕತ್ತೇತಿ, ಆ ಕಡಿಯವರು ಎತ್ತಲೇ ಇಲ್ಲಂದ್ರ, ಆಮ್ಯಾಲ ಯಾರು ಮಾತಾಡ್ತಾರ್ರಿ?”